ಬಾಣಂತಿ ಕೋಣೆಯ ಕಾವಲು

ಬೇಸಿಗೆ ರಜೆಯೆಂದರೆ ಹುಣಸೆ ಬೀಜ ಉಜ್ಜಿ ಚೌಕಾಬಾರ ಆಡುವುದು ಎಂದಷ್ಟೇ ತಿಳಿದಿದ್ದ ಕಾಲವದು. ಐದನೇ ಕ್ಲಾಸು ಮುಗಿಸಿ ಕೊಡಿಗೇನಹಳ್ಳಿ ಹತ್ತಿರದ ಅಜ್ಜಿಯ ಊರಿಗೆ ಹೋಗಿದ್ದೆ. ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಚೊಚ್ಚಲ ಬಾಣಂತನಕ್ಕೆ ಅಲ್ಲಿದ್ದಳು. ಹೆಣ್ಣು ಕೂಸು, ಹುಟ್ಟಿ ಎಂಟು ದಿನ.

ಕೋಣೆಯ ತುಂಬ ಸಾಂಬ್ರಾಣಿ ಹೊಗೆ, ಹರಳೆಣ್ಣೆ, ಸುಟ್ಟ ಬೆಳ್ಳುಳ್ಳಿಯ ವಾಸನೆ. ಚಿಕ್ಕಮ್ಮ ದಪ್ಪಗಾಗಿದ್ದಳು. ಮದುವೆಯ ಬಳೆಗಳು ಕೈಗೆ ಏರುತ್ತಿರಲಿಲ್ಲ. ಹೊಟ್ಟೆ ಇನ್ನೂ ಮುಂದಕ್ಕೇ ಇತ್ತು. ನಾನು ಬೆರಗಾಗಿ ನೋಡಿದರೆ, "ಮುಟ್ಟಿ ನೋಡೇ, ನಾದಿಟ್ಟ ಹಿಟ್ಟಿದ್ದಂಗದೆ" ಎಂದು ನಗುತ್ತಿದ್ದಳು.

ಶಿರಾದಿಂದ ಚಿಕ್ಕಪ್ಪ ಮಗು ನೋಡಲು ಬಂದರು. ತೊಟ್ಟಿಲಿಗಿಂತ ಮೊದಲು ಅವಳನ್ನು ನೋಡಿದರು.

"ಏನೇ ಇಂಗೆ ಊದ್ಕಂಡಿದೀಯ? ನಮ್ಮಮ್ಮನ ಪಕ್ಕ ನಿಂತ್ರೆ ನೀನೇ ಅಮ್ಮ ಅಂತಾರೆ."

ಅಜ್ಜಿಯೂ ನಕ್ಕಳು. ಚಿಕ್ಕಮ್ಮ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

ಅಂದು ಸಂಜೆಯೇ ಅಜ್ಜಿ ಹಳೇ ಪಂಚೆ ಹರಿದು ಅವಳ ಹೊಟ್ಟೆಗೆ ಬಿಗಿದು ಕಟ್ಟಿದಳು. ಊಟ ನಾಲ್ಕು ತುತ್ತಿಗಿಳಿಯಿತು. ನೀರು ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ಬಾಣಂತಿ ಹೊಸಿಲು ದಾಟುವಂತಿರಲಿಲ್ಲ.

"ನೀರು ಕುಡುದ್ರೆ ಹೊಟ್ಟೆ ಇಳಿಯಲ್ಲ. ಕೇಳಿದ್ಲು ಅಂತ ಕೊಟ್ಬುಟ್ಟೀಯ, ಜೋಕೆ!" ಎಂದು ನನ್ನನ್ನು ಕಾವಲಿಗೆ ಕೂರಿಸಿ ಅಜ್ಜಿ ಹೊಲಕ್ಕೆ ಹೋಗುತ್ತಿದ್ದಳು. ದೊಡ್ಡವರ ಕೆಲಸ ಸಿಕ್ಕಿತೆಂದು ನನಗೆ ಹೆಮ್ಮೆ.

"ಪುಟ್ಟಿ, ನಾಲಿಗೆ ಅಂಟ್ಕಣ್ತದೆ ಕಣೇ. ಅರ್ಧ ಲೋಟ ಕೊಡೇ."

"ಅಜ್ಜಿ ಬೈತದೆ."

"ಅಜ್ಜಿಗೆ ಹೇಳ್ಬೇಡ."

ಕೊಡಲಿಲ್ಲ. ಸಾಲದ್ದಕ್ಕೆ ಅಜ್ಜಿ ಬಂದ ಕೂಡಲೇ ಹೇಳಿಯೂಬಿಟ್ಟೆ. ಮಾರನೇ ದಿನದಿಂದ ಚಿಕ್ಕಮ್ಮ ಕೇಳಲಿಲ್ಲ. ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು.

ಕೂಸು ಹಾಲು ಸಾಲದೆ ಅತ್ತೂ ಅತ್ತೂ ಸೋಲುತ್ತಿತ್ತು. ಆಶಾ ಕಾರ್ಯಕರ್ತೆ ಬಂದು ತೂಗಿದವರು ಗಾಬರಿಯಾದರು.

"ಹುಟ್ಟಿದಾಗಿನ್ಕಿಂತ ಕಮ್ಮಿ ಅದಲ್ಲಮ್ಮ! ತಾಯಿಗೆ ಹೊಟ್ಟೆ ತುಂಬ ಊಟ, ನೀರು ಕೊಡಿ. ಹಾಲೆಂಗೆ ಬರ್ತದೆ? ಇವತ್ತೇ ಮಗೂನ ಆಸ್ಪತ್ರೆಗೆ ಕರ್ಕೊಂಡೋಗಿ."

"ನಾನೂ ಆರು ಹೆತ್ತಿವ್ನಿ ಕಣಮ್ಮ" ಎಂದಳು ಅಜ್ಜಿ.

ಎರಡು ದಿನ ಕಳೆದು ಕೂಸಿನ ಅಳು ನಿಂತಾಗ ಅಜ್ಜಿ ಅದನ್ನೆತ್ತಿಕೊಂಡು ಆಟೋದಲ್ಲಿ ಮಧುಗಿರಿಗೆ ಓಡಿದಳು. ಮಧ್ಯಾಹ್ನ ಹೊತ್ತು ತಂದಾಗ ಅದರ ಮುಖಕ್ಕೆ ಬಟ್ಟೆ ಮುಚ್ಚಿತ್ತು.

ಚಿಕ್ಕಮ್ಮ ಅಳಲಿಲ್ಲ. ಹೊಟ್ಟೆಯ ಕಟ್ಟು ಬಿಚ್ಚಿ ನೆಲಕ್ಕೆಸೆದು, ಹೊಸಿಲು ದಾಟಿ ಅಡುಗೆಮನೆಗೆ ನಡೆದು, ಕೊಡದಿಂದ ಚೊಂಬು ಚೊಂಬು ನೀರು ಕುಡಿದಳು. ಮೈಮೇಲೆಲ್ಲ ಚೆಲ್ಲಿಕೊಂಡಳು. ಯಾರೂ ತಡೆಯಲಿಲ್ಲ.

ಮೂರನೇ ತಿಂಗಳು ಕರೆದೊಯ್ಯಲು ಬಂದ ಚಿಕ್ಕಪ್ಪ, ಕಡ್ಡಿಯಂತಾದ ಅವಳನ್ನು ನೋಡಿ, "ಈಗ ಮದ್ವೇಲಿ ಇದ್ದಂಗಾದೆ ನೋಡು" ಎಂದರಂತೆ.

ಅವಳಿಗೀಗ ಇಬ್ಬರು ಗಂಡುಮಕ್ಕಳು. ನಾನೂ ಒಂದು ಹೆತ್ತಿದ್ದೇನೆ. ಆ ರಜೆಗೆ ಮುಂಚೆ ಅತ್ತೆಮನೆಯ ಗುಟ್ಟನ್ನೆಲ್ಲ ನನ್ನ ಕಿವಿಯಲ್ಲಿ ಉಸುರುತ್ತಿದ್ದವಳು, ಈಗ ಮದುವೆ ಮುಂಜಿಯಲ್ಲಿ ಸಿಕ್ಕರೆ ಊಟ ಆಯ್ತಾ ಎಂದಷ್ಟೇ ಕೇಳುತ್ತಾಳೆ. ಹೋದ ವರ್ಷ ಒಂದು ಗೃಹಪ್ರವೇಶದಲ್ಲಿ ಧೈರ್ಯ ಮಾಡಿ, "ಚಿಕ್ಕಮ್ಮ, ಆವತ್ತು ನಾನು..." ಎಂದೆ.

"ಬಸ್ಸಿಗೆ ಹೊತ್ತಾಯ್ತು ಕಣಮ್ಮ" ಎಂದು ಎದ್ದಳು. ಶಿರಾ ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು.