ಕೇಳದೆ ಹೇಳಬಾರದು

ಬಾಣಂತನಕ್ಕೆ ತಾಯಿ ಬರುವುದು ರೂಢಿ. ನನಗೆ ಅಮ್ಮ ಇರಲಿಲ್ಲ, ಅಪ್ಪ ಬಂದರು. ಬೆಂಗಳೂರಿನ ಬಟ್ಟೆ ಗಿರಣಿಯಲ್ಲಿ ಕೆಂಪು ಬಾವುಟದ ಯೂನಿಯನ್ ಕಟ್ಟಿ ಬೆಳೆಸಿದ ಮನುಷ್ಯ, ಬಜೆ, ಮೆಂತ್ಯ, ಒಣಕೊಬ್ಬರಿ ಗಂಟು ಕಟ್ಟಿಕೊಂಡು ಅಮೆರಿಕದ ಓಕ್ಲ್ಯಾಂಡಿನ ನಮ್ಮ ಅಪಾರ್ಟ್‌ಮೆಂಟಿಗೆ ಬಂದಿಳಿದರು. ಅದು ಡಾಟ್‌ಕಾಂ ಕಾಲ. ನನ್ನ ಗಂಡ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸ್ಟಾರ್ಟಪ್ಪಿನಲ್ಲಿ ದುಡಿಯುತ್ತ ಷೇರುಗಳ ಕನಸು ಕಾಣುತ್ತಿದ್ದ. ಅಪ್ಪ ಅವನನ್ನು "ನಮ್ಮನೆ ಬಂಡವಾಳಶಾಹಿ" ಎಂದೇ ಕರೆಯುತ್ತಿದ್ದರು.

ಎದುರುಮನೆಯಲ್ಲಿ ಅಮೆರಿಕನ್ ಮುದುಕರೊಬ್ಬರು ಒಂಟಿಯಾಗಿದ್ದರು. ಅಪ್ಪನಿಗೂ ಅವರಿಗೂ ಬೆಳಗಿನ ವಾಕಿಂಗಿನಲ್ಲಿ ಸ್ನೇಹವಾಯಿತು. ಒಂದು ದಿನ ಅಪ್ಪ ನಗುತ್ತಲೇ ಒಳಗೆ ಬಂದರು.

"ಗೊತ್ತೇನಮ್ಮಾ, ಆ ಮನುಷ್ಯ ಬೇಹುಗಾರ! ನಮ್ಮಂಥೋರ ಮೇಲೆ ಕಣ್ಣಿಡೋದೇ ಕೆಲ್ಸ ಆಗಿತ್ತಂತೆ."

ನಾನು ಎದ್ದು ಬಾಗಿಲಿನ ಚಿಲಕ ಹಾಕಿದೆ. ಅಪ್ಪನಿಗೆ ಮಾತ್ರ ಸಂಭ್ರಮವೋ ಸಂಭ್ರಮ. ಬ್ರಿಟಿಷರು, ಜರ್ಮನರು, ಇಟಲಿಯವರು, ಅಮೆರಿಕದವರು, ಎಲ್ಲರ ಗುಪ್ತಚರ ಇಲಾಖೆಗಳೂ ಕಮ್ಯುನಿಸ್ಟರ ಪ್ರಭಾವ ತಡೆಯಲು ಸುದ್ದಿ ಹಂಚಿಕೊಳ್ಳುತ್ತಿದ್ದವಂತೆ. ಆ ಕೊಡುಕೊಳ್ಳುವಿಕೆಯನ್ನು ಯುರೋಪಿನಲ್ಲಿ ಕೂತು ನೋಡಿಕೊಳ್ಳುತ್ತಿದ್ದವರು ಇವರು.

"ಇಷ್ಟು ದೇಶ ಸೇರ್ಕೊಂಡು ನಮ್ಮನ್ನ ತಡೆಯೋಕೆ ಹೊರಟಿದ್ರಾ?" ಎಂದು ಅಪ್ಪ ಅವರನ್ನೇ ಕೇಳಿದ್ದರಂತೆ. "ದೀಪಾವಳಿಗೆ ಒಂದು ಬೋನಸ್ ಕೊಟ್ಟಿದ್ರೆ ಸಾಕಿತ್ತು. ನಮ್ಮ ಅರ್ಧ ಮೆಂಬರ್ಸು ಅವತ್ತೇ ಮನೆಗೆ ಹೋಗ್ತಿದ್ರು!"

ಬೇಹುಗಾರರ ಆ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಒಬ್ಬರು ಕೊಟ್ಟ ಸುದ್ದಿಯನ್ನು ಅವರನ್ನು ಕೇಳದೆ ಇನ್ನೊಬ್ಬರಿಗೆ ಹೇಳುವಂತಿಲ್ಲ. ನಿವೃತ್ತಿಯಾಗಿ ಎಷ್ಟೋ ಕಾಲವಾದರೂ ಆ ನಿಯಮ ಎದುರುಮನೆಯವರ ರಕ್ತದಲ್ಲೇ ಉಳಿದಿತ್ತು. ಅಷ್ಟು ಹೊತ್ತು ಅಪ್ಪನ ಜೊತೆ ಏನು ಮಾತಾಡುತ್ತೀರಿ ಎಂದು ನಾನೊಮ್ಮೆ ಕೇಳಿದರೆ, "ಅವರನ್ನು ಕೇಳಿ ಹೇಳುತ್ತೇನೆ" ಎಂದರು. ಮರುದಿನ ಗಂಭೀರವಾಗಿ ಬಂದು ವರದಿ ಒಪ್ಪಿಸಿದರು: "ಅನುಮತಿ ಸಿಕ್ಕಿತು. ಹೆಚ್ಚಾಗಿ ನಿಮ್ಮ ಸಾರಿನ ಬಗ್ಗೆ ದೂರು."

ನನಗೆ ಎಂಟು ತಿಂಗಳು ತುಂಬಿತ್ತು. ಒಂದು ಬೆಳಿಗ್ಗೆ ಎದುರುಮನೆಯವರು ಬಾಗಿಲು ತಟ್ಟಿದರು. ಒಳಗೆ ಬನ್ನಿ ಎಂದರೂ ಹೊಸ್ತಿಲಲ್ಲೇ ನಿಂತರು.

"ನಿಮ್ಮ ತಂದೆ ನನಗೊಂದು ಗುಟ್ಟು ಹೇಳಿದ್ದಾರೆ. ನಿಮಗೆ ತಿಳಿಸಲೇ ಎಂದು ದಿನವೂ ಕೇಳಿದೆ. ದಿನವೂ ಬೇಡ ಅಂದರು. ಆದರೂ ಹೇಳುತ್ತಿದ್ದೇನೆ. ನಡೆಯುವಾಗ ಅವರಿಗೆ ಎದೆನೋವು ಬರುತ್ತಿದೆ."

ಅಪ್ಪ ನನ್ನ ಹಿಂದೆಯೇ ಕಾಫಿ ಲೋಟ ಹಿಡಿದು ನಿಂತಿದ್ದರು. "ನಂಬಿಕೆದ್ರೋಹಿ!" ಎಂದು ಕೂಗಿದರು. ಸಿಟ್ಟಿನಲ್ಲಿ ಇಂಗ್ಲಿಷು ಮರೆತು ಕನ್ನಡದಲ್ಲೇ ಬೈದರು. ಬೈಗುಳಕ್ಕೆ ಅನುವಾದ ಬೇಕಾಗಲಿಲ್ಲ. ಅವರು ತಲೆ ತಗ್ಗಿಸಿ ಹೊರಟುಹೋದರು.

ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳ ಕಟ್ಟಿಕೊಂಡಿರುವುದು ಗೊತ್ತಾಯಿತು. ಸಣ್ಣ ಕೊಳವೆ ಹಾಕಿ ಬಿಡಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೂ ಕೈಮೀರುತ್ತಿತ್ತು ಎಂದರು ಡಾಕ್ಟರು.

ಅಪ್ಪ ಮನೆಗೆ ಬಂದರೂ ಎದುರುಮನೆಯ ಬಾಗಿಲು ತೆರೆಯಲಿಲ್ಲ. ಸಾರು ಕೊಡಲು ನಾನೇ ಹೋದೆ. "ಇಡೀ ಸರ್ವಿಸಿನಲ್ಲಿ ನಾನು ಆ ನಿಯಮ ಮುರಿದವನಲ್ಲ," ಎಂದರು. ಕಣ್ಣು ತುಂಬಿತ್ತು. "ಮುರಿದದ್ದು ಒಬ್ಬ ಕಮ್ಯುನಿಸ್ಟನಿಗಾಗಿ." ನನಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು. ಹೊಟ್ಟೆ ಅಡ್ಡ ಬಂತು.

ಅಪ್ಪನಿಗೆ ಹೇಳಿದೆ. ಕೇಳಿಸದವರಂತೆ ಬೆಳ್ಳುಳ್ಳಿ ಸುಲಿಯುತ್ತ ಕೂತರು. ಅಪ್ಪನ ಮುಷ್ಕರಗಳು ಬೇಗ ಮುಗಿದದ್ದೇ ಇಲ್ಲ.

ಮಗು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ, ಅಪ್ಪ ಮಗುವನ್ನು ಹಳೆಯ ಪಂಚೆಯಲ್ಲಿ ಸುತ್ತಿ ಎತ್ತಿಕೊಂಡು ಸೀದಾ ಹೊರಗೆ ನಡೆದರು. ಎದುರುಮನೆಯ ಬಾಗಿಲು ತಟ್ಟಿದರು. ಅವರು ತೆರೆದದ್ದೇ ತಡ, ಮಗುವನ್ನು ಅವರ ಕೈಗಳಲ್ಲಿಟ್ಟರು. ನಮ್ಮ ಬಾಗಿಲಲ್ಲಿ ನಿಂತಿದ್ದ ನನಗೆ ಅಪ್ಪನ ಇಂಗ್ಲಿಷು ಸ್ಪಷ್ಟವಾಗಿ ಕೇಳಿಸಿತು.

"ಹೆಣ್ಣು ಮಗು. ಯಾರಿಗೆ ಬೇಕಾದರೂ ಹೇಳಿ. ನನ್ನನ್ನು ಕೇಳಬೇಕಾಗಿಲ್ಲ."