ಕಿವಿಗೆ ಎರಡು ಹನಿ

ನಾನು ವಾಯುಪಡೆಯಲ್ಲಿ ಹೆಲಿಕಾಪ್ಟರ್ ನಡೆಸುವವಳೆಂದು ತಿಳಿದ ಕೂಡಲೇ ಜನ ನನ್ನ ಕಣ್ಣುಗಳನ್ನೇ ದಿಟ್ಟಿಸುತ್ತಾರೆ. ಕಿವಿಗಳನ್ನು ಮಾತ್ರ, ಪಾಪ, ಯಾರೂ ವಿಚಾರಿಸುವುದಿಲ್ಲ. ಕನ್ನಡಕದ ಕಾಲು ಊರಲು, ಓಲೆ ತೂಗಲು, ಮಾಸ್ತರರು ಹಿಡಿದು ಹಿಂಡಲು ಅನುಕೂಲವಾಗಲೆಂದು ದೇವರು ಜೋಡಿಸಿಟ್ಟ ಹಿಡಿಕೆಗಳೆಂದೇ ನಾನೂ ಬಹುಕಾಲ ಭಾವಿಸಿದ್ದೆ. ನನ್ನ ವೃತ್ತಿಜೀವನವೇ ಆ ಹಿಡಿಕೆಗಳಲ್ಲಿ ಸಿಕ್ಕಿಬೀಳಲಿದೆಯೆಂದು ಆಗ ಗೊತ್ತಿರಲಿಲ್ಲ.

ಈ ಕೆಲಸಕ್ಕೆ ಹೇಗೆ ಬಂದಿರಿ ಎಂದು ಕೇಳುವವರಿಗೆ ನನ್ನಿಂದ ನಿರಾಸೆಯೇ ಹೆಚ್ಚು. ನಮ್ಮೂರು ಮೊರಬದ ಹೊಲದಲ್ಲಿ ಆಕಾಶ ನೋಡುತ್ತ ಕನಸು ಕಂಡೆನೆಂದರೆ ಅವರಿಗೆ ತೃಪ್ತಿಯಾದೀತು; ಆದರೆ ನಮ್ಮ ಎರೆಮಣ್ಣಿನಲ್ಲಿ ಮಳೆಗಾಲಕ್ಕೆ ಆಕಾಶ ನೋಡುತ್ತ ನಡೆದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಹುಬ್ಬಳ್ಳಿಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವಾಗ ಎನ್‌ಸಿಸಿ ಸೇರಿದೆ, ಅಲ್ಲಿ ಪುಟ್ಟ ವಿಮಾನವೊಂದರಲ್ಲಿ ಕೂರಿಸಿ ಸುತ್ತು ಹಾಕಿಸಿದರು, ಇಳಿದ ಮೇಲೆ ಬೇರೆ ಯಾವ ಕೆಲಸವೂ ರುಚಿಸಲಿಲ್ಲ. ಪದವಿ ಮುಗಿಸಿ ಲಿಖಿತ ಪರೀಕ್ಷೆ, ಸಂದರ್ಶನಗಳನ್ನೆಲ್ಲ ಹೇಗೋ ದಾಟಿದೆ. ವೈದ್ಯಕೀಯ ತಪಾಸಣೆಯೊಂದು ಉಳಿದಿತ್ತು.

ಇಲ್ಲಿ ನಮ್ಮ ಆಯಿಯ ಪ್ರವೇಶ. ಅಪ್ಪನ ತಾಯಿಯಾದ ಆಕೆ ಇಡೀ ಓಣಿಯ ಕೂಸುಗಳಿಗೆ ಎಣ್ಣೆನೀರು ಎರೆಯುವವಳು. ಕಾಲು ನೀಡಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿ, ತಿಕ್ಕಿ ತೊಳೆದ ಬಳಿಕ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕುಸುಬಿ ಎಣ್ಣೆಯನ್ನು ಕಿವಿಗೆ ಎರಡು ಹನಿ ಬಿಟ್ಟು, ನಮ್ಮ ಹೊಲದ ಹತ್ತಿಯನ್ನೇ ಹಿಂಜಿ ತುರುಕುವುದು ಆಕೆಯ ಪದ್ಧತಿ. ನಾನು ತಪಾಸಣೆಗೆ ಹೊರಡುವ ಮುನ್ನ, "ಡಾಕ್ಟರ್ ಮುಂದ ನಿಂದ್ರಾಕಿ, ಮೈ ಸ್ವಚ್ಛ ಇರಬೇಕವಾ" ಎಂದು ನನಗೂ ಎರೆದಳು. ಪ್ರೀತಿ ಹೆಚ್ಚಾಗಿ ಹನಿಗಳೂ ಹೆಚ್ಚಾದವು.

ಅಲ್ಲಿನ ಡಾಕ್ಟರರು ದೀಪವಿಟ್ಟು ಕಿವಿಯೊಳಗೆ ಇಣುಕಿದರು, ಕನ್ನಡಕ ಒರೆಸಿಕೊಂಡು ಮತ್ತೆ ಇಣುಕಿದರು. ಮೇಲೇರಿ ಇಳಿಯುವಾಗ ಗಾಳಿಯ ಒತ್ತಡ ತಾಳಬೇಕಾದ್ದು ಕಿವಿಯ ತಮಟೆ. ಅದನ್ನು ಕಣ್ಣಾರೆ ಕಾಣದೆ ಅವರು ಒಪ್ಪುವಂತಿಲ್ಲ. ನನ್ನ ಕಿವಿಯಲ್ಲೋ, ಅನೇಕ ವರ್ಷಗಳ ಕೊಳೆ, ಅಂದರೆ ಗುಗ್ಗೆ, ಎಣ್ಣೆ ಕುಡಿದು ಉಬ್ಬಿ, ಹತ್ತಿಯ ಎಳೆಗಳೊಡನೆ ಗಾರೆಯಂತೆ ಗಟ್ಟಿಯಾಗಿ ಕುಳಿತಿತ್ತು. ತಾತ್ಕಾಲಿಕವಾಗಿ ಅನರ್ಹಳೆಂದರು. ಮರುತಪಾಸಣೆಗೆ ಅವಕಾಶವಿತ್ತು, ಅದರಲ್ಲೂ ತೇರ್ಗಡೆಯಾಗದಿದ್ದರೆ ಅಲ್ಲಿಗೆ ಮುಗಿಯಿತು. ನನಗೆ ನಿಜಕ್ಕೂ ಭಯವಾಯಿತು. ಗುಗ್ಗೆಯ ಹಿಂದಿರುವ ತಮಟೆ ಹೇಗಿದೆಯೆಂದು ನನಗಾಗಲಿ ಅವರಿಗಾಗಲಿ ತಿಳಿಯದು.

ಊರಿಗೆ ಬಂದು ಅವ್ವನಿಗೆ ಮೆಲ್ಲಗೆ ಹೇಳಿದೆ. ಆದರೆ ಓಣಿಯವರ ಕಿವಿಗಳನ್ನೆಲ್ಲ ಜೋಪಾನ ಮಾಡಿದ ಆಯಿಯ ಕಿವಿ ಬಲು ಚುರುಕು.

"ನನ್ನ ಕೈಯಿಂದನ ಕೆಟ್ಟಾತೇನ?" ಎಂದು ಕೇಳಿದಳು.

"ಇಲ್ಲ ಆಯಿ, ಗುಗ್ಗಿ ಅಷ್ಟ. ತಗದ್ರ ಆತು" ಎಂದೆ.

ಆಕೆ ನಂಬಲಿಲ್ಲ. ಮರುದಿನದಿಂದ ಕೂಸುಗಳನ್ನು ಕರೆತಂದ ತಾಯಂದಿರಿಗೆ ಸೊಂಟನೋವೆಂದು ಹೇಳಿ ಕಳಿಸತೊಡಗಿದಳು. ಬಚ್ಚಲ ಮುಂದಿನ ಮಣೆ ಖಾಲಿ ಉಳಿಯಿತು. ನನ್ನ ನೌಕರಿ ಹೋದರೆ ಹೋದೀತು, ಆಕೆಯ ಕೈ ಹೀಗೆ ಸುಮ್ಮನಾಗಿದ್ದನ್ನು ನೋಡುವುದು ನನ್ನಿಂದಾಗುತ್ತಿರಲಿಲ್ಲ.

ಹುಬ್ಬಳ್ಳಿಯ ಕಿವಿಯ ಡಾಕ್ಟರರು ಔಷಧ ಹಾಕಿ ನೆನೆಸಿ, ಕೆಲವು ಸಲ ಕರೆಸಿಕೊಂಡು ಎಲ್ಲವನ್ನೂ ತೆಗೆದರು. ಒಳಗಿನ ತಮಟೆ ಚೆನ್ನಾಗಿಯೇ ಇತ್ತು. ಮರುತಪಾಸಣೆ ಮುಗಿದ ಕೂಡಲೇ ಮನೆಗೆ ಫೋನು ಮಾಡಿ, ಆಯಿಯ ಕೈಗೇ ಕೊಡಿಸಿ, "ಪಾಸಾದೆ" ಎಂದೆ. ಆಕೆ ಕೇಳಿದಳು: "ಎರಡೂ ಕಿವಿ?"

ನೀವು ನಮ್ಮ ಓಣಿಗೆ ಬಂದರೆ ಈಗ ಆ ಮಣೆ ಖಾಲಿ ಕಾಣುವುದಿಲ್ಲ. ಕಳೆದ ರಜೆಯಲ್ಲಿ ನಾನು ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಾಗ, ಬಾಜು ಮನೆಯ ಸೊಸೆಯ ಹೆಣ್ಣುಕೂಸು ಆಯಿಯ ಕಾಲ ಮೇಲೆ ಮಲಗಿ ಅಳುತ್ತಿತ್ತು. ಎರೆದದ್ದು ಮುಗಿಯಿತು. "ಆಯಿ, ಕಿವಿಗೆ ಎರಡು ಹನಿ ಬಿಡ್ರಿ" ಎಂದಳು ತಾಯಿ. ಆಯಿ ತನ್ನ ಎರಡೂ ಅಂಗೈಗಳಿಂದ ಕೂಸಿನ ಕಿವಿ ಮುಚ್ಚಿದಳು.

"ಬ್ಯಾಡವಾ. ನಾಳೆ ಇಕಿನೂ ವಿಮಾನ ನಡಸ್ತೇನಂದ್ರ?"