ಎತ್ತದ ಪಾದ

ಕಸೂತಿಯ ದಾರವನ್ನು ಬಿಗಿಯಾಗಿ ಎಳೆದುಬಿಟ್ಟರೆ ಬಟ್ಟೆ ಮುದುರಿಕೊಳ್ಳುತ್ತದಲ್ಲ, ಆಪಾ ಅವರ ಬಲಗಾಲಿನ ಹರಡಿನ ಪಕ್ಕ ಅಂಥದೊಂದು ಕಲೆಯಿತ್ತು. ನಾನದನ್ನು ಮೊದಲು ನೋಡಿದ್ದು, ಅವರ ಕಾಲಿನ ಸದ್ದಿನ ಬಗ್ಗೆ ದೂರು ಹೇಳಲು ಮೇಲೆ ಹೋದಾಗ.

ನೆದರ್‌ಲ್ಯಾಂಡ್ಸಿನ ನೈಮೆಗನ್‌ನಲ್ಲಿ ನಮ್ಮ ಮೇಲಿನ ಮನೆ ಅವರದು. ವಿಜಯಪುರದ ಕಡೆಯವರು, ವಿಶ್ವವಿದ್ಯಾಲಯದಲ್ಲಿ ಮೀನುಗಳ ಸಂಶೋಧಕಿ, ಒಬ್ಬರೇ ಇದ್ದರು. ಅಕ್ಕ ಎನ್ನುವುದಕ್ಕೆ ಅವರ ಮನೆಮಾತಿನಲ್ಲಿ ಆಪಾ. ನಾನೂ ಹಾಗೇ ಕರೆದೆ. ಬೆಳಗಾದರೆ ನಮ್ಮ ಚಾವಣಿಯ ಮೇಲೆ ಸರ್... ಸರ್... ಎಂದು ಕಾಲೆಳೆಯುವ ಸದ್ದು. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು 'ಪಾದ ಎತ್ತಿ ನಡೆಯಿರಿ' ಎಂದು ಬೆಳೆಸಿದವಳು ನಾನು. ಸಹಿಸಲಾಗಲಿಲ್ಲ.

"ಇದು ಸೋಮಾರಿತನ ಅಲ್ಲ ತಂಗಿ, ನನ್ನ ಕೆಲಸದ ನಡಗಿ," ಎಂದು ಒಳಗೆ ಕರೆದರು.

ದಕ್ಷಿಣ ಅಮೆರಿಕದ ಒಂದು ನದಿಯ ಕೊಳ್ಳದಲ್ಲಿ ಅವರು ಸಿಹಿನೀರಿನ ತೊರಕೆ ಮೀನುಗಳ ಸಮೀಕ್ಷೆ ಮಾಡುತ್ತಿದ್ದರು. ತಟ್ಟೆಯಂಥ ಮೈ, ಚಾವಟಿಯಂಥ ಬಾಲ, ಬಾಲದಲ್ಲಿ ವಿಷದ ಮುಳ್ಳು. ಮೊಣಕಾಲುದ್ದದ ನೀರಿನಲ್ಲಿ ಅಲ್ಲಿನ ಮೀನುಗಾರರೊಂದಿಗೆ ನಡೆದು, ಸಿಕ್ಕಿದ್ದರ ಮುಳ್ಳಿಗೆ ಬಟ್ಟೆ ಸುತ್ತಿ, ಅಳೆದು, ಬೆನ್ನಿನ ಚುಕ್ಕಿಗಳ ಫೋಟೊ ತೆಗೆದು ಮತ್ತೆ ನೀರಿಗೆ ಬಿಡುವುದು. ಒಂದರ ಚುಕ್ಕಿ ಇನ್ನೊಂದಕ್ಕಿಲ್ಲವಂತೆ.

"ಉಸುಕಿನಾಗ ಹುಗಕೊಂಡು ಮಲಗಿರ್ತಾವ. ಕಾಲೆತ್ತಿ ಇಟ್ರ ಬೆನ್ನ ಮ್ಯಾಲ ಬೀಳತೈತಿ, ಚುಚ್ಚತಾವ. ಸರಿಸಿಕೋಂತ ಹೋದ್ರ ಯಾರೋ ಬಂದ್ರು ಅಂತ ತಾವೇ ಸರೀತಾವ. ಅವಕ್ಕೂ ಹೆದರಿಕಿ ಇರತೈತಲ್ಲ."

"ಮತ್ತೆ ಈ ಕಲೆ?"

"ದೋಣಿಯಿಂದ ಯಾರೋ ಕೂಗಿದ್ರು. ಅವಸರದಾಗ ಒಂದ ಸಲ ಎತ್ತಿದ್ದೆ."

"ಮನೆಯೊಳಗೆ ತೊರಕೆ ಇಲ್ಲವಲ್ಲ ಆಪಾ?"

"ಅದು ಕಾಲಿಗೆ ಗೊತ್ತಿಲ್ಲ," ಎಂದರು.

ಏನಾದರೂ ಹೇಳಬೇಕಲ್ಲ ಎಂದು, ನಮ್ಮೂರಲ್ಲಿ ತೊರಕೆಗೆ ಖಾರ ಹಾಕಿ ಸಾರು ಮಾಡುತ್ತೇವೆ ಎಂದೆ. "ಹಂಗಾದ್ರ ನನ್ನ ಊಟಕ್ಕ ಕರೀಬ್ಯಾಡ," ಎಂದವರು ಆ ವಾರವೇ ಬಂದು ನೀರುದೋಸೆ ತಿಂದು ಹೋದರು. ನದಿಗೆ ಹೋಗುವಾಗ ಗಿಡಗಳಿಗೆ ನೀರು ಹಾಕಲೆಂದು ಮನೆಯ ಕೀಲಿಯನ್ನೂ ನನಗೇ ಕೊಡತೊಡಗಿದರು.

ಆಮೇಲೆ ಕೊರೊನಾ ಬಂತು. ವಿಮಾನಗಳು ನಿಂತವು. ಆಪಾ ಮೇಲೆ, ನಾವು ಕೆಳಗೆ. ನನ್ನವರು ಕಂಪ್ಯೂಟರ್ ಚಿಪ್ ಕಾರ್ಖಾನೆಗೆ ಹೋಗಲೇಬೇಕಿತ್ತು, ಮಗಳಿಗೆ ಉಬ್ಬಸ. ನಾನು ಹಾಲಿನ ಡಬ್ಬವನ್ನೂ ಸೋಪು ಹಚ್ಚಿ ತೊಳೆಯುತ್ತಿದ್ದೆ. ಬೀದಿಯಲ್ಲಿ ಯಾರಾದರೂ ಕೆಮ್ಮಿದರೆ ಪರದೆ ಎಳೆಯುತ್ತಿದ್ದೆ. ಬಾಲ್ಕನಿಯಿಂದ ಆಪಾ ಬಗ್ಗಿ ಹೇಳುತ್ತಿದ್ದರು: "ಹೆದರಿಕಿ ಬಂದ್ರ ಬರಲಿ ತಂಗಿ. ನಿಲ್ಲಬ್ಯಾಡ, ಓಡಬ್ಯಾಡ. ಕಾಲು ಸರಿಸು." ಮೆಟ್ಟಿಲ ಮೇಲೆ ನಾನಿಟ್ಟ ಊಟದ ಡಬ್ಬಿಯತ್ತ ಅವರ ಕಾಲು ಸರಿದು ಬರುವುದನ್ನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಒಂದು ಕಾಲಕ್ಕೆ ಮೈ ಉರಿಸಿದ ಆ ಸದ್ದು ಕೇಳಿದರೇ ಈಗ ನನಗೆ ಉಸಿರು.

ಕರ್ಫ್ಯೂ ಹಾಕಿದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಸದ್ದು ತಡವಾಗಿ ಬಂತು, ಎರಡೆಳೆತಕ್ಕೇ ನಿಂತಿತು. ಫೋನ್ ಮಾಡಿದೆ. ಚಾವಣಿಯ ಆಚೆ ಅದು ರಿಂಗಾಗುವುದು ನನಗೇ ಕೇಳುತ್ತಿತ್ತು. ಅದರ ಕಡೆಗೆ ಯಾರೂ ಸರಿಯಲಿಲ್ಲ.

ಆಂಬುಲೆನ್ಸಿಗೆ ಹೇಳಿದೆ. ಬಾಗಿಲು ತೆರೆದಿಡಿ ಎಂದರು. ಕೀಲಿ ನನ್ನ ಕೈಯಲ್ಲೇ ಇತ್ತು.

"ಮಮ್ಮಾ, ಡೋಂಟ್ ಗೋ," ಎಂದಳು ಮಗಳು.

ಎರಡು ಮಾಸ್ಕ್ ಕಟ್ಟಿಕೊಂಡು ಆ ಕಡಿದಾದ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದರೆ ಒಳಗೆ ಕತ್ತಲೆ, ಬಿಸಿ ಗಾಳಿ. ಕಾಲು ಎತ್ತಲು ಆಗಲೇ ಇಲ್ಲ. ಸರಿಸಿದೆ. ಸರ್... ಸರ್...

"ಯಾರದು, ನನ್ನಂಗ ನಡಿಯೋರು?" ಕೋಣೆಯೊಳಗಿಂದ ತೆಳ್ಳಗಿನ ದನಿ.

"ನಾನು ಆಪಾ."

"ಅಲ್ಲೇ ನಿಲ್ಲು. ಮಗಳದಾಳ ಮನ್ಯಾಗ."

ಮಂಚಕ್ಕೆ ಒರಗಿ ನೆಲದ ಮೇಲೆ ಕುಳಿತಿದ್ದರು. ಬಾಯಲ್ಲಿ ಉಸಿರಾಡುತ್ತಿದ್ದರು. ನಾನು ಹೊಸ್ತಿಲಲ್ಲಿ ನಿಂತೆ.

"ಹೆದರಿಕಿ ಆಗೇತೇನು?" ಎಂದು ಕೇಳಿದರು.

"ಹೌದು ಆಪಾ."

"ನನಗೂ."

ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು. ಆಂಬುಲೆನ್ಸಿನವರು ಬಂದರು. ದೊಡ್ಡ ಬೂಟುಗಳನ್ನು ಎತ್ತಿ ಎತ್ತಿ ಇಡುತ್ತಾ ಅವರನ್ನು ಇಳಿಸಿಕೊಂಡು ಹೋದರು. ಆಪಾ ಆಸ್ಪತ್ರೆಯಿಂದ ಹಿಂತಿರುಗಲಿಲ್ಲ. ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದೆ. ನಡುನಡುವೆ ಚಿತ್ರ ನಿಂತುಹೋಗುತ್ತಿತ್ತು.

ಈಗ ಮೇಲೆ ಇರುವ ದಂಪತಿ ಪಾದ ಎತ್ತಿ ನಡೆಯುತ್ತಾರೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ರಿಂಗಾದರೆ, ಮಗಳ ಉಬ್ಬಸ ಜೋರಾದರೆ, ನನ್ನ ಕಾಲು ಮಾತ್ರ ನೆಲ ಬಿಡುವುದಿಲ್ಲ. ಮೊನ್ನೆ ಕೆಳಗಿನ ಮನೆಯ ಡಚ್ ಅಜ್ಜಿ ಬಾಗಿಲು ತಟ್ಟಿ, ಅದೇನು ಸದ್ದು ಎಂದು ಕೇಳಿದರು. ಒಳಗೆ ಕರೆದು ಚಹಾ ಕೊಟ್ಟು, ತೊರಕೆ ಮೀನಿನ ವಿಷಯ ಹೇಳಿದೆ.

"ಆದರೆ ಇಲ್ಲಿ ಮೀನಿಲ್ಲವಲ್ಲ?" ಎಂದರು.

"ಅದು ಕಾಲಿಗೆ ಗೊತ್ತಿಲ್ಲ," ಎಂದೆ.